ತಟ್ಟೆ ತೋಟಕ್ಕೆ ತೂತು ಬೇಕು ಸ್ವಾಮಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಲಿ ಮನೆಯೊಳಗೆ ಡಿಶ್ ಗಾರ್ಡನ್, ಅಂದ್ರೆ ತಟ್ಟೆ ತೋಟ ಮಾಡೋದು ಹೇಗೆ ಅಂತ ಅರ್ಧ ಪುಟ ಬಂದಿತ್ತು. ಫೋಟೋ ಏನೋ ಚೆನ್ನಾಗಿತ್ತು, ಗಾಜಿನ ಬೋಗುಣಿ, ತಳದಲ್ಲಿ ಬಣ್ಣದ ಕಲ್ಲು, ಅದರ ಮೇಲೆ ಮಣ್ಣು, ಮೂರು ಕ್ಯಾಕ್ಟಸ್ಸು, ಪಕ್ಕ ಒಂದು ಪ್ಲಾಸ್ಟಿಕ್ ಅಣಬೆ, ತೂತಿಲ್ಲದ ಬೋಗುಣಿ ಆದ್ರೂ ಪರವಾಗಿಲ್ಲ ತಳಕ್ಕೆ ಒಂದಿಂಚು ಕಲ್ಲು ಹಾಕಿದ್ರೆ ಸಾಕು ಅಂತ ಬೇರೆ ಬರೆದಿದ್ರಿ. ಅದನ್ನ ಓದಿ ನಮ್ಮ ಬೀದಿಲೇ ಇಬ್ರು ಬೋಗುಣಿ ತಂದಾಯ್ತು. ನಾನು ಸುಮ್ನೆ ಇರೋಳೇ, ಆದ್ರೆ ಇನ್ನೇನು ಮಳೆ ಹಿಡಿಯೋ ಹೊತ್ತು, ಇದೇ ಕಲ್ಲಿನ ಕಥೆ ನಂಬಿ ನಾನು ಒಂದು ಮಳೆಗಾಲ ಪೂರ್ತಿ ಹಾಳು ಮಾಡ್ಕೊಂಡೋಳು, ಹಾಗಾಗಿ ಬರೀತಿದೀನಿ. ಉದ್ದ ಆದ್ರೆ ಕತ್ತರಿಸಿ, ತೂತಿನ ವಿಷಯ ಮಾತ್ರ ಕತ್ತರಿಸಬೇಡಿ.

ನಾನು ಮನೇಲೇ ಬ್ಲೌಸ್ ಹೊಲಿಯೋಳು. ಮಷೀನಿನ ಪಕ್ಕ ಒಂದು ಪೂರ್ವದ ಕಿಟಕಿ, ಅಲ್ಲಿ ಕಣ್ಣಿಗೆ ಹಸಿರಾಗಿ ಏನಾದ್ರೂ ಇರ್ಲಿ ಅಂತ ಒಂದು ನರ್ಸರಿಲಿ 850 ರೂಪಾಯಿ ಕೊಟ್ಟು ರೆಡಿ ಡಿಶ್ ಗಾರ್ಡನ್ ತಂದಿದ್ದೆ. ಪಿಂಗಾಣಿ ತಟ್ಟೆ, ಅದ್ರಲ್ಲಿ ಎರಡು ಕ್ಯಾಕ್ಟಸ್, ಒಂದು ಜೇಡ್ ಗಿಡ, ನಡುವೆ ಫಿಟೋನಿಯಾ ಅನ್ನೋ ಒಂದು ಎಲೆ ಗಿಡ. ಒಂದು ಕ್ಯಾಕ್ಟಸ್ ತಲೆ ಮೇಲೆ ಹಳದಿ ಹೂವು ಬೇರೆ. ಹದಿನೈದು ದಿನ ಆದ್ರೂ ಹೂವು ಬಾಡ್ಲಿಲ್ಲ, ನಮ್ಮ ಅತ್ತೆ ದಿನಾ ಬಂದು ನೋಡೋರು, ಎಂತ ಹೂವೇ ಇದು ದೇವರಿಗೆ ಇಡಬಹುದಾ ಅಂತ ಕೇಳೋರು. ಒಂದಿನ ಧೂಳು ಒರೆಸೋಕೆ ಹೋದಾಗ ಹೂವು ಕೈಗೇ ಬಂತು, ನೋಡಿದ್ರೆ ಅಡಿಲಿ ಗಮ್ಮು! ಒಣ ಹೂವಿಗೆ ಬಣ್ಣ ಹಾಕಿ ಬಿಸಿ ಗಮ್ಮಲ್ಲಿ ಮೆತ್ತಿದ್ರು. ಮೇಲೆ ಹರವಿದ್ದ ಬಿಳಿ ಕಲ್ಲನ್ನೂ ಅಂಟಿಸೇ ಇಟ್ಟಿದ್ರು, ಒಂದು ಮೂಲೆ ಎತ್ತಿದ್ರೆ ಹಪ್ಪಳದ ಹಂಗೆ ಇಡೀ ಪದರ ಎದ್ದು ಬಂತು. ನೀರು ಹಾಕಿದ್ರೆ ಅಂಚಿಂದ ಇಳಿದು ತಳಕ್ಕೆ ಹೋಗಿ ಕೂರೋದು, ಮೇಲೆ ಬರೋಕೂ ದಾರಿ ಇಲ್ಲ ಕೆಳಗೆ ಹೋಗೋಕೂ ಇಲ್ಲ.

ಮತ್ತೆ ಆ ಜೋಡಿ ನೋಡಿ. ಫಿಟೋನಿಯಾ ಒಂದಿನ ನೀರು ತಪ್ಪಿದ್ರೆ ಮೂರ್ಛೆ ಬಂದೋರ ಹಂಗೆ ಬಿದ್ದುಕೊಳ್ಳುತ್ತೆ, ಕ್ಯಾಕ್ಟಸ್ಸಿಗೆ ತಿಂಗಳುಗಟ್ಲೆ ನೀರಿಲ್ದಿದ್ರೂ ನಡೆಯುತ್ತೆ. ಏಕಾದಶಿ ಉಪವಾಸದೋರನ್ನೂ ಮದುವೆ ಊಟಕ್ಕೆ ಬಂದೋರನ್ನೂ ಒಂದೇ ಪಂಕ್ತೀಲಿ ಕೂರಿಸಿದ ಹಂಗೆ. ಯಾರಿಗೆ ಬಡಿಸೋದು? ನಾನು ಫಿಟೋನಿಯಾ ನೋಡಿ ನೀರು ಹಾಕ್ತಾ ಹೋದೆ, ಆಷಾಢದ ಮಳೆ ಹಿಡ್ಕೊಂಡು ಕಿಟಕಿ ತೆಗೆಯೋಕೇ ಆಗದ ಒಂದು ವಾರ ಕಳೆದು ನೋಡಿದ್ರೆ ಕ್ಯಾಕ್ಟಸ್ ಬುಡ ಕಳಿತ ಬಾಳೆಹಣ್ಣಿನ ಹಂಗೆ ಆಗಿತ್ತು, ಬೆರಳು ಮುಟ್ಟಿಸಿದ್ದಷ್ಟೇ, ಅಡ್ಡ ಬಿತ್ತು. ಆ ವಾಸನೆ ಬಗ್ಗೆ ಬರೆಯಲ್ಲ, ಬೆಳಿಗ್ಗೆ ಕಾಫಿ ಕುಡೀತಾ ಪೇಪರ್ ಓದೋರು ಇರ್ತಾರೆ.

ಆಮೇಲೆ ನಿಮ್ಮ ಲೇಖನದೋರು ಹೇಳಿದ್ದನ್ನೇ ಮಾಡಿದೆ, ತಳಕ್ಕೆ ಕಲ್ಲು ಹಾಕಿ ಹೊಸದಾಗಿ ಕಟ್ಟಿದೆ. ಅದೂ ಹೋಯ್ತು. ಯಾಕೆ ಅಂತ ತಿಳಿಯೋಕೆ ಒಂದು ಕೆಲಸ ಮಾಡಿ. ಪಾತ್ರೆ ತೊಳೆಯೋ ಸ್ಪಾಂಜನ್ನ ನೀರಲ್ಲಿ ಪೂರ್ತಿ ಅದ್ದಿ, ಚಪ್ಪಟೆಯಾಗಿ ಮಲಗಿಸಿದ ಹಂಗೆ ಹಿಡ್ಕೊಳ್ಳಿ, ತೊಟ್ಟಿಕ್ಕೋದು ನಿಲ್ಲೋ ತನಕ ಕಾಯಿರಿ. ನಿಂತ ಮೇಲೆ ಹಿಂಡಬೇಡಿ, ಸುಮ್ನೆ ಅದನ್ನ ಉದ್ದುದ್ದಕ್ಕೆ ನೆಟ್ಟಗೆ ನಿಲ್ಲಿಸಿ ಹಿಡೀರಿ, ಮತ್ತೆ ನೀರು ಸುರಿಯುತ್ತೆ. ಸ್ಪಾಂಜೂ ಅದೇ ನೀರೂ ಅದೇ, ಎತ್ತರ ಮಾತ್ರ ಬೇರೆ ಆಯ್ತು. ಮಣ್ಣೂ ಹಂಗೇ, ತಳದಲ್ಲಿ ಇಷ್ಟು ಅಂತ ನೀರನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ. ಎತ್ತರದ ಪಾಟಲ್ಲಿ ಆ ಒದ್ದೆ ಪದರ ಬೇರಿಂದ ದೂರ ಇರುತ್ತೆ, ಮೂರಿಂಚು ಆಳದ ತಟ್ಟೇಲಿ ಬೇರು ಅದ್ರಲ್ಲೇ ಕೂತಿರುತ್ತೆ. ಕಲ್ಲು ಹಾಕಿದ್ರೆ ಸಣ್ಣ ಮಣ್ಣಿಂದ ದಪ್ಪ ಕಲ್ಲಿಗೆ ನೀರು ಸಲೀಸಾಗಿ ಇಳಿಯಲ್ಲ, ಮಣ್ಣು ಪೂರ್ತಿ ನೆನೆದು ಇನ್ನು ಹಿಡಿಯೋಕಾಗಲ್ಲ ಅಂದ್ಮೇಲೇ ಇಳಿಯೋದು. ಅಂದ್ರೆ ಆ ಒದ್ದೆ ಪದರ ಒಂದಿಂಚು ಮೇಲಕ್ಕೆ ಬಂತು, ಇರೋ ಮೂರಿಂಚಲ್ಲಿ ಒಂದಿಂಚು ಕಲ್ಲಿಗೇ ಹೋಯ್ತು. ಇಷ್ಟಕ್ಕೆ ಕಲ್ಲಿಗೂ ದುಡ್ಡು ಕೊಟ್ಟಿರ್ತೀವಿ ಮಾರಾಯ್ರೆ.

ಹಂಗಾಗಿ ತೂತು. ತಟ್ಟೆಗೆ ಎರಡು ತೂತು, ಕಿರುಬೆರಳು ತೂರೋವಷ್ಟು. ಮಣ್ಣಿನ ತಟ್ಟೆ ಆದ್ರೆ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಕೆಳಗೆ ಹಲಗೆ ಕೊಟ್ಟು, ಗೋಡೆ ಕೊರೆಯೋ ಬಿಟ್ಟಲ್ಲೇ ನಿಧಾನಕ್ಕೆ ಕೊರೀಬಹುದು. ನಮ್ಮನೆಗೆ ಫ್ಯಾನ್ ಹಾಕೋಕೆ ಬಂದಿದ್ದ ಹುಡುಗನ ಹತ್ರ ಕೊರೆಸಿದೆ, ಮೊದಲನೇ ತಟ್ಟೆ ಎರಡು ಹೋಳು, ಡ್ರಿಲ್ಲಿನ ಹ್ಯಾಮರ್ ಬಟನ್ ಆಫ್ ಮಾಡೋದು ಮರೆತಿದ್ದ. ಅಕ್ಕ ಸಾರಿ ಅಂದ, ನಾನೂ ಗಿಡ ಸಾಯಿಸಿದೋಳೇ ಎಂತ ಹೇಳೋದು, ಎರಡನೇದಕ್ಕೆ ಸರಿಯಾಗಿ ಬಂತು. ಮೆರುಗು ಇರೋ ಪಿಂಗಾಣಿಗೆ ಡೈಮಂಡ್ ಬಿಟ್ ಬೇಕು, ಮೇಲೆ ಟೇಪ್ ಅಂಟಿಸಿ ನೀರು ಹನಿಸ್ತಾ ಕೊರೀಬೇಕು, ಇಲ್ದಿದ್ರೆ ಜಾರುತ್ತೆ. ಗಾಜಿನ ಬೋಗುಣಿನ ಉಪ್ಪಿನಕಾಯಿಗೆ ಇಟ್ಕೊಳ್ಳಿ. ತೂತಿನ ಮೇಲೆ ಹಳೇ ಸೊಳ್ಳೆ ಪರದೆ ತುಂಡು ಒಂದು ಹಾಕಿದ್ರೆ ಮಣ್ಣು ಸೋರಲ್ಲ. ನೀರು ಹಾಕಿದ ಮೇಲೆ ಸ್ಪಾಂಜಿನ ಪಾಠ ನೆನಪಿಟ್ಕೊಂಡು ತಟ್ಟೆನ ಒಂದು ಕಡೆ ಎತ್ತಿ ಗೋಡೆಗೆ ಓರೆಯಾಗಿ ಹತ್ತು ನಿಮಿಷ ಒರಗಿಸಿಡಿ, ನಿಂತ ನೀರು ಇನ್ನೂ ಒಂದಷ್ಟು ಇಳಿಯುತ್ತೆ. ಕೆಳಗಿನ ಸಾಸರಲ್ಲಿ ನೀರು ಬಿಡಬೇಡಿ, ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು.

ಮಣ್ಣಿನ ವಿಷಯ ಬೇಗ ಮುಗಿಸ್ತೀನಿ. ನಮ್ಮ ಕಡೆ ಕೆಂಪು ಮಣ್ಣು ಒಂದನ್ನೇ ತಟ್ಟೆಗೆ ಹಾಕಿದ್ರೆ ಮಳೇಲಿ ಮುದ್ದೆ, ಬೇಸಿಗೇಲಿ ಇಟ್ಟಿಗೆ. ಕ್ಯಾಕ್ಟಸ್ಸಿಗೂ ಜೇಡ್ ಥರದ ದಪ್ಪ ಎಲೆ ಜಾತಿಗೂ ಒಂದು ಪಾಲು ಮಣ್ಣು, ಒಂದು ಪಾಲು ಹಳೇ ಗೊಬ್ಬರ, ಎರಡು ಪಾಲು ದಪ್ಪ ಮರಳು. ಮರಳನ್ನ ರವೆ ಜರಡೀಲಿ ಹಿಡೀರಿ, ಆದ್ರೆ ಅಡುಗೆಮನೆ ಅಭ್ಯಾಸಕ್ಕೆ ಉಲ್ಟಾ, ಕೆಳಗೆ ಬಿದ್ದದ್ದನ್ನ ಬಿಸಾಕಿ ಮೇಲೆ ಉಳಿದದ್ದನ್ನ ಇಟ್ಕೊಳ್ಳಬೇಕು. ಎಂ-ಸ್ಯಾಂಡ್, ಅಂದ್ರೆ ಕಲ್ಲು ಪುಡಿ ಮಾಡಿದ ಮರಳು ಆದ್ರೆ ಬಿಳಿ ನೀರು ಹೋಗೋ ತನಕ ತೊಳೀರಿ.

ಈಗ ನಾನು ಹೇಳಬೇಕಂತ ಕೂತಿರೋ ಅಸಲು ಮಾತು. ಮಲೆನಾಡಲ್ಲಿ ಕೂತು ಮಳೆಗಾಲದಲ್ಲಿ ಕ್ಯಾಕ್ಟಸ್ ತಟ್ಟೆ ಕಟ್ಟೋದು ಯಾಕೆ ಅಂತ? ನಮ್ಮ ಜಿಲ್ಲೇಲೇ ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ, ಶಿವಮೊಗ್ಗ ಪೇಟೇಲಿ ಅದರ ಕಾಲು ಭಾಗನೂ ಇಲ್ಲ ನಿಜ, ಆದ್ರೂ ಜುಲೈಲಿ ಇಲ್ಲೂ ಒಗೆದ ಬಟ್ಟೆ ಮೂರು ದಿನ ಒಣಗಲ್ಲ, ಉಪ್ಪಿನ ಡಬ್ಬಿ ನೀರು ಬಿಡುತ್ತೆ, ಚಪ್ಪಲಿ ಮೇಲೆ ಬೂಷ್ಟು ಬರುತ್ತೆ. ಮರುಭೂಮಿ ಗಿಡಕ್ಕೆ ಅದು ಸೆರೆಮನೆ. ಅದೇ ಹೊತ್ತಿಗೆ ನಮ್ಮ ಕಾಂಪೌಂಡ್ ಗೋಡೆ ನೋಡಿ, ಉತ್ತರದ ಮಗ್ಗುಲಲ್ಲಿ ಹಾವಸೆ ಮಖಮಲ್ ಬಟ್ಟೆ ಥರ ಹಬ್ಬಿರುತ್ತೆ, ನಾವು ಅದನ್ನ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಆಮೇಲೆ ಪೇಟೆಗೆ ಹೋಗಿ ಪ್ಲಾಸ್ಟಿಕ್ ಹುಲ್ಲು ತರ್ತೀವಿ.

ನಾನು ಮಾಡಿದ್ದು ಇಷ್ಟು. ಮನೆ ಹಿಂದೆ ಬಿದ್ದಿದ್ದ ಜಂಬಿಟ್ಟಿಗೆ ಚೂರುಗಳಲ್ಲಿ ಒಂದು ಗೇಣುದ್ದದ್ದು ಆರಿಸ್ಕೊಂಡೆ, ಒಂದು ಪಕ್ಕ ಕಡಿದಾಗಿ ಇನ್ನೊಂದು ಪಕ್ಕ ಇಳಿಜಾರಾಗಿ ಇರೋದು, ಥೇಟ್ ಕೊಡಚಾದ್ರಿ. ಜಂಬಿಟ್ಟಿಗೆ ಯಾಕೆ ಅಂದ್ರೆ ಅದ್ರ ತುಂಬ ತೂತು, ನೀರು ಹೀರಿ ಇಟ್ಕೊಳ್ಳುತ್ತೆ, ಹಾವಸೆ ಅದ್ರ ಮೇಲೆ ಕೂರೋ ಹಂಗೆ ನುಣುಪು ಕಲ್ಲಿನ ಮೇಲೆ ಕೂರಲ್ಲ. ಒಂದು ದಿನ ಬಕೆಟ್ಟಲ್ಲಿ ಮುಳುಗಿಸಿಟ್ಟೆ, ಗುಳುಗುಳು ಅಂತ ಗುಳ್ಳೆ ಬಿಡ್ತಾನೇ ಇತ್ತು. ಅದನ್ನ ತಟ್ಟೆ ನಟ್ಟನಡುವೆ ಇಡಬಾರದು, ಹಿಂದೆ ಒಂದು ಪಕ್ಕಕ್ಕೆ ಸರಿಸಿ ಮೂರನೇ ಒಂದು ಪಾಲು ಮಣ್ಣಲ್ಲಿ ಹೂತು ಇಡಬೇಕು, ಆಗ ಬೆಟ್ಟ ನೆಲದಿಂದ ಎದ್ದ ಹಂಗೆ ಕಾಣುತ್ತೆ, ಇಲ್ಲಾಂದ್ರೆ ಯಾರೋ ಕಲ್ಲು ತಂದಿಟ್ಟು ಹೋದ ಹಂಗೆ. ಮಣ್ಣು ಮುಂದಕ್ಕೆ ತಗ್ಗು ಹಿಂದಕ್ಕೆ ದಿಬ್ಬ.

ಹಾವಸೆನ ಗೋಡೆಯಿಂದ ಹಳೇ ದೋಸೆ ಸೌಟಲ್ಲಿ ತೆಳ್ಳಗೆ ಎಬ್ಬಿಸಿದೆ, ದೋಸೆ ತರಾನೇ ಬರುತ್ತೆ. ಅದಕ್ಕೆ ಬೇರಿಲ್ಲ, ಅಂಟಿಕೊಳ್ಳೋಕೆ ಕೂದಲಿನಂಥ ಎಳೆ ಅಷ್ಟೇ, ನೀರು ಕುಡಿಯೋದೆಲ್ಲ ಮೈಯಿಂದಲೇ, ಹಂಗಾಗಿ ಗೊಬ್ಬರದ ಅಗತ್ಯ ಇಲ್ಲ. ನೆಲಕ್ಕೆ ಹಾಸಿದ್ದನ್ನ ಅಂಗೈಲಿ ಒತ್ತಿದ್ರೆ ಸಾಕು, ಅಡಿಲಿ ಗಾಳಿ ಉಳಿದ್ರೆ ಒಣಗುತ್ತೆ. ಬೆಟ್ಟದ ಕಡಿದಾದ ಪಕ್ಕದಲ್ಲಿ ನಿಲ್ಲಲೇ ಇಲ್ಲ, ಜಾರಿ ಜಾರಿ ಬೀಳೋದು. ಯಾರೋ ಹೇಳಿದ್ರು ಅಂತ ಮಜ್ಜಿಗೇಲಿ ಹಾವಸೆ ರುಬ್ಬಿ ಕಲ್ಲಿಗೆ ಬಳಿದೆ, ಮೂರೇ ದಿನಕ್ಕೆ ಇರುವೆ ಸಾಲು, ಹುಳಿ ನಾತ, ಬಟ್ಟೆ ಕೊಡೋಕೆ ಬಂದೋರು ಮೂಗು ಹಿಡ್ಕೊಂಡು ಹೋದ್ರು. ಕೊನೆಗೆ ನನ್ನ ಕಸುಬೇ ಕೈ ಹಿಡೀತು, ಕಪ್ಪು ಕಾಟನ್ ದಾರ ತಗೊಂಡು ಹಾವಸೆ ಪದರನ ಕಲ್ಲಿಗೆ ಸುತ್ತಿ ಕಟ್ಟಿದೆ, ಕಪ್ಪು ದಾರ ಜಂಬಿಟ್ಟಿಗೆ ಸಂದಿಲಿ ಕಾಣೋದೂ ಇಲ್ಲ. ಒಂದೂವರೆ ತಿಂಗಳಿಗೆ ಹಾವಸೆ ಕಲ್ಲು ಹಿಡ್ಕೊಂಡಿತ್ತು, ದಾರ ತಾನೇ ಲಡ್ಡಾಗಿ ಎಳೆದ್ರೆ ಕಿತ್ತು ಬರೋ ಹಂಗಾಗಿತ್ತು. ಪಾಲಿಯೆಸ್ಟರ್ ದಾರ ಬೇಡ, ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಂಗೇ ಇರುತ್ತೆ.

ನಲ್ಲಿ ನೀರು ಹಾಕಬೇಡಿ ಅಂತಲ್ಲ, ಬೋರ್ ನೀರು ಹಾಕಿದ್ರೆ ಮೇಲೆ ಬಿಳಿ ಪೊರೆ ಕಟ್ಟುತ್ತೆ, ಮಳೆ ನೀರು ಹಿಡಿದು ಮುಚ್ಚಳ ಹಾಕಿಟ್ಟು ಸ್ಪ್ರೇ ಬಾಟಲೀಲಿ ಹೊಡೆದ್ರೆ ಒಳ್ಳೇದು. ಮಾರ್ಚಲ್ಲಿ ಹಾವಸೆ ಕಂದಾಗಿ ಕರಿಗಟ್ಟಿದ ಹಂಗೆ ಕಂಡ್ರೆ ಸತ್ತೋಯ್ತು ಅಂತ ಎಸೀಬೇಡಿ, ಒಣಗಿ ಮಲಗಿರುತ್ತೆ ಅಷ್ಟೇ, ನೀರು ಬಿದ್ರೆ ಮತ್ತೆ ಹಸಿರು. ನಾನು ಮೊದಲನೇದನ್ನ ಎಸೆದೆ, ಕಸದ ರಾಶಿ ಮೇಲೆ ಮೊದಲ ಮಳೆಗೆ ಅದು ಹಸಿರಾಗಿ ನನ್ನ ನೋಡಿ ನಗ್ತಿತ್ತು.

ಇನ್ನೊಂದು ಮಜಾ ಅಂದ್ರೆ ಜರಿ ಗಿಡ (ಫರ್ನ್) ನಾನು ನೆಟ್ಟೇ ಇಲ್ಲ. ಜಂಬಿಟ್ಟಿಗೆ ಸಂದಿಲಿ ಎರಡು ತಿಂಗಳಾದ ಮೇಲೆ ಉಗುರಿನ ಬಿಳಿ ತುದಿಯಷ್ಟು ಹಸಿರು ತೇಪೆ ಕಾಣ್ತು, ಆಮೇಲೆ ಕಪ್ಪು ದಾರದಂಥ ಕಡ್ಡಿ, ಅದ್ರ ಮೇಲೆ ಪುಟಾಣಿ ಬೀಸಣಿಗೆ, ನಮ್ಮೂರ ಬಾವಿ ಗೋಡೇಲಿ ಇರ್ತಾವಲ್ಲ ಅದೇ. ಕಲ್ಲಲ್ಲೇ ಧೂಳಿನಂಥ ಬೀಜಾಣು ಕೂತಿತ್ತು ಅಂತ ಕಾಣುತ್ತೆ. ಲಂಡನ್ನಿನ ವಾರ್ಡ್ ಅನ್ನೋ ಡಾಕ್ಟ್ರಿಗೂ 1829ರಲ್ಲಿ ಹಿಂಗೇ ಆಯ್ತಂತೆ, ಪತಂಗದ ಗೂಡು ಒಡೆಯೋದು ನೋಡೋಕೆ ಅಂತ ಒದ್ದೆ ಮಣ್ಣಲ್ಲಿ ಹೂತು ಬಾಟಲಿ ಮುಚ್ಚಿಟ್ರೆ ಒಳಗೆ ಜರಿ ಗಿಡ ಹುಟ್ಟಿತ್ತು, ಅದಾದ ಮೇಲೇ ಗಾಜಿನ ಪೆಟ್ಟಿಗೇಲಿ ಗಿಡ ಬೆಳೆಸೋದು ಎಲ್ಲ ಕಡೆ ಹಬ್ಬಿದ್ದು. ತಟ್ಟೇಲಿ ಬೆಟ್ಟ ಕಟ್ಟೋದು ಇನ್ನೂ ಹಳೇದು, ಚೀನಾದಲ್ಲಿ ಕ್ರಿ.ಶ. 706ರ ಒಬ್ಬ ರಾಜಕುಮಾರನ ಗೋರಿ ಗೋಡೆ ಮೇಲೆ ಸೇವಕರು ಕಲ್ಲು, ಗಿಡ ಇಟ್ಟ ತಟ್ಟೆ ಹಿಡ್ಕೊಂಡು ನಿಂತಿರೋ ಚಿತ್ರ ಇದೆ. ಆ ತಟ್ಟೇಲೂ ಪ್ಲಾಸ್ಟಿಕ್ ಅಣಬೆ ಇರ್ಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಗೊಂಬೆ ಬಗ್ಗೆ ನಂಗೆ ಸ್ವಲ್ಪ ಕೋಪನೇ. ನನ್ನ ಮಗಳು ಒಂದು ಬಾತುಕೋಳಿ ತಂದಿಟ್ಲು, ಇಟ್ಟ ಕ್ಷಣ ಕೊಡಚಾದ್ರಿ ಮತ್ತೆ ಕಲ್ಲಾಯ್ತು. ಬಾತುಕೋಳಿ ಬೆಟ್ಟದ ಅರ್ಧ ಇದ್ರೆ ಅದು ಬೆಟ್ಟ ಹೆಂಗಾಗುತ್ತೆ ಹೇಳಿ.

ಈಗ ಕೋಪದ ಇನ್ನೊಂದು ವಿಷಯ, ಇದನ್ನ ದಯವಿಟ್ಟು ಹಾಕಿ. ನನ್ನ ತಟ್ಟೆ ನೋಡಿದ ಸಂಬಂಧಿಕರೊಬ್ರು ಘಾಟಿ ಕಡೆ ಟ್ರಿಪ್ ಹೋದಾಗ ಕಾರು ನಿಲ್ಲಿಸಿ ಮರದ ಬುಡದಿಂದ ಎರಡು ಕವರ್ ಹಾವಸೆ ಕೆರೆದು ತಂದ್ರು, ಜೊತೆಗೆ ಕೊಂಬೆ ಸಮೇತ ಒಂದು ಸೀತಾಳೆ ದಂಡೆ, ಅದೇ ಕಾಡಿನ ಆರ್ಕಿಡ್. ನಂಗೆ ಅರ್ಧ ಕೊಡೋಕೆ ಬಂದ್ರು. ಕವರ್ ಬಿಚ್ಚಿ ಡೈನಿಂಗ್ ಟೇಬಲ್ ಮೇಲೆ ಹಾಕಿದ್ರೆ ಹಾವಸೆ ಅಡಿಯಿಂದ ಎರಡು ಉಂಬಳ (ಜಿಗಣೆ) ಎದ್ದು ನಿಂತು ಮೂತಿ ಆಡಿಸೋಕೆ ಶುರು ಮಾಡಿದ್ವು, ಮನೆಯೋರೆಲ್ಲ ಕುರ್ಚಿ ಮೇಲೆ, ಅತ್ತೆ ಒಬ್ರೇ ಅಡುಗೆಮನೆಗೆ ಹೋಗಿ ಉಪ್ಪು ತಂದ್ರು. ನಗೋ ವಿಷಯ ಅಲ್ಲ ಇದು. ಕಾಡಿನ ಹಾವಸೆ ಅಂದ್ರೆ ಕಸ ಅಲ್ಲ, 1927ರ ಭಾರತೀಯ ಅರಣ್ಯ ಕಾಯ್ದೇಲೇ ಅರಣ್ಯ ಉತ್ಪನ್ನ ಅಂದ್ರೆ ಯಾವ್ಯಾವುದು ಅನ್ನೋ ಕಡೆ ಹುಲ್ಲು, ಬಳ್ಳಿ ಜೊತೆ ಹಾವಸೆನೂ ಹೆಸರಿಟ್ಟು ಬರೆದಿದಾರೆ. ಮತ್ತೆ ಬೇಸಿಗೇಲಿ ಕಾಡಿನ ದರಗು (ಉದುರಿದ ಒಣ ಎಲೆ), ಮಣ್ಣು ತರೋರಿಗೆ ಇನ್ನೊಂದು ಮಾತು, ಮಂಗನ ಕಾಯಿಲೆ 1957ರಲ್ಲಿ ಗುರುತು ಸಿಕ್ಕಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ, ಹರಡೋದು ಉಣುಗಿಂದ, ಉಣುಗಿನ ಮರಿ ಎಳ್ಳಿಗಿಂತ ಸಣ್ಣಕ್ಕೆ ದರಗಲ್ಲಿ ಕೂತಿರುತ್ತೆ. ಕಾಡಿಗೆ ಹೋಗೋರಿಗೆ ಆಶಾ ಕಾರ್ಯಕರ್ತೆಯರು ಉಣುಗು ಹತ್ತದ ಹಂಗೆ ಮೈಗೆ ಹಚ್ಚೋ ಡೆಪಾ ಎಣ್ಣೆನ ಮನೆ ಮನೆಗೆ ಹಂಚ್ತಿರ್ತಾರೆ, ನಾವು ಅದೇ ದರಗನ್ನ ಕವರಲ್ಲಿ ತಂದು ಊಟದ ಟೇಬಲ್ ಮೇಲೆ ಹರವೋದಾ? ಗೋಡೆ, ಹೆಂಚು, ಬಚ್ಚಲ ಹಿಂದಿನ ಕಲ್ಲು, ಇಷ್ಟು ಜಾಗದ ಹಾವಸೆ ಒಂದು ತಟ್ಟೆಗೆ ಧಾರಾಳ ಆಯ್ತು, ಒಂದೇ ಕಡೆ ಪೂರ್ತಿ ಕೆರೆಯದೆ ಅಲ್ಲಲ್ಲಿ ಅಂಗೈ ಅಗಲ ತೆಗೆದ್ರೆ ಮುಂದಿನ ಮಳೆಗೆ ಮತ್ತೆ ಕೂಡಿಕೊಳ್ಳುತ್ತೆ.

ಒಂದು ಎಚ್ಚರಿಕೆ ತೋಟದ ಮನೆಯೋರಿಗೆ. ಹೋದ ವರ್ಷ ತೀರ್ಥಹಳ್ಳಿ ಕಡೆ ನಮ್ಮ ಭಾವನವರ ಮನೆಗೆ ಹೋಗೋವಾಗ ಈ ತಟ್ಟೆ ತಗೊಂಡು ಹೋಗಿದ್ದೆ, ತೋರಿಸೋಕೆ ಅಂತಲೇ ಅನ್ನಿ. ಅಂಗಳದ ಕಟ್ಟೆ ಮೇಲೆ ಇಟ್ಟಿದ್ದೆ. ಅವತ್ತು ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯೋ ದಿನ, ಕಟ್ಟೆ ಪಕ್ಕದಲ್ಲೇ ಡ್ರಮ್ಮಲ್ಲಿ ಬೋರ್ಡೋ ಕಲಸಿದ್ರು, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ. ನಾಲ್ಕು ಹನಿ ಹಾರಿ ತಟ್ಟೆ ಮೇಲೆ ಬಿತ್ತು, ನಾನು ನೀಲಿ ಚುಕ್ಕಿ ಒರೆಸಿ ಸುಮ್ನಾದೆ. ವಾರಕ್ಕೆ ಹನಿ ಬಿದ್ದ ಕಡೆಯೆಲ್ಲ ಹಾವಸೆ ಸುಟ್ಟ ಹಂಗೆ ಕರ್ರಗಾಯ್ತು. ಮೈಲುತುತ್ತದಲ್ಲಿರೋ ತಾಮ್ರ ಅಂದ್ರೆ ಅದಕ್ಕೆ ವಿಷ. ಭಾವನವರು ಫೋನಲ್ಲಿ ಕೇಳಿ, ನಿನ್ನ ಕೊಡಚಾದ್ರಿಗೆ ಕೊಳೆ ಬರಲ್ಲ ಬಿಡು ಇನ್ನು ಅಂದ್ರು.

ಕ್ಯಾಕ್ಟಸ್ಸೇ ಬೇಕು ಅನ್ನೋರು ನವೆಂಬರ್ ತನಕ ಕಾಯಿರಿ, ಚಳಿ ಶುರುವಾಗಿ ಗಾಳಿ ಒಣಗಿದ ಮೇಲೆ ಕಟ್ಟಿದ್ರೆ ಮುಂದಿನ ಮಳೆ ಬರೋ ಹೊತ್ತಿಗೆ ಬೇರು ಹಿಡಿದಿರುತ್ತೆ. ಮಳೆಗಾಲದಲ್ಲಿ ಅದನ್ನ ಗಾಳಿ ಆಡೋ ಕಿಟಕೀಲಿ ಇಟ್ಟು ತಿಂಗಳಿಗೊಮ್ಮೆ, ಅದೂ ತಟ್ಟೆ ಎತ್ತಿ ನೋಡಿದಾಗ ಹಗುರ ಅನ್ನಿಸಿದ್ರೆ ಮಾತ್ರ ನೀರು. ಜೂನಿಂದ ಸೆಪ್ಟೆಂಬರ್ ಹಾವಸೆ, ಜರಿ ತಟ್ಟೆಯ ಕಾಲ. ನಿಮ್ಮ ಪುರವಣೀಲಿ ಇದನ್ನ ಬಿಡಿಸಿ ಇನ್ನೊಂದು ಸಲ ಹಾಕಿದ್ರೆ ನಮ್ಮ ಬೀದಿಯ ಇಬ್ಬರ ಬೋಗುಣಿ ಉಳಿಯುತ್ತೆ, ಬೆಂಗಳೂರಿನ ಫ್ಲಾಟಿಗೆ ಬರೆದದ್ದನ್ನ ಶಿವಮೊಗ್ಗ ಆವೃತ್ತಿಗೆ ಹಂಗೇ ಇಳಿಸಬೇಡಿ.

ಫೋಟೋ ಕಳಿಸಿ ಅಂತ ನೀವು ಕೇಳಬಹುದು. ಮೊನ್ನೆ ತನಕ ಆಗಿದ್ರೆ ಕಳಿಸ್ತಿದ್ದೆ. ಬೆಟ್ಟದ ಬುಡಕ್ಕೆ ಕಾಡಿನ ಹಂಗೆ ಕಾಣ್ಲಿ ಅಂತ ಒಂದೆಲಗ ನೆಟ್ಟಿದ್ದೆ, ಸಣ್ಣ ಎಲೆ ಬರ್ಲಿ ಅಂತ ಚಿವುಟಿ ಚಿವುಟಿ ಎಂಟು ತಿಂಗಳು ಸಾಕಿದ್ದೆ. ಬುಧವಾರ ನಾನು ಗಾಂಧಿ ಬಜಾರಿಗೆ ಲೈನಿಂಗ್ ಬಟ್ಟೆ ತರೋಕೆ ಹೋಗಿ ಬರೋ ಹೊತ್ತಿಗೆ ಕೊಡಚಾದ್ರಿ ಬುಡ ಬೋಳು, ಅತ್ತೆ ತಂಬುಳಿ ಮಾಡಿಟ್ಟಿದ್ರು. ನಾನು ಏನೂ ಮಾತಾಡ್ಲಿಲ್ಲ, ಎರಡು ಸಲ ಹಾಕಿಸ್ಕೊಂಡು ಉಂಡೆ.

ಇಂತಿ ನಿಮ್ಮ ಓದುಗಳು,
ವಿನೋಬನಗರ, ಶಿವಮೊಗ್ಗ